ತೊಗಲಿನ ಋಣ

2025ರ ಜನವರಿ 1ರಂದು ಚೆನ್ನೈನ ಮ್ಯೂಸಿಕ್ ಅಕಾಡೆಮಿಯಲ್ಲಿ ಗಾಯಕ ಟಿ.ಎಂ. ಕೃಷ್ಣ ಅವರಿಗೆ 'ಸಂಗೀತ ಕಲಾನಿಧಿ' ಬಿರುದು ಕೊಟ್ಟರು. ಕರ್ನಾಟಕ ಸಂಗೀತದ ಲೋಕದಲ್ಲಿ ಇದಕ್ಕಿಂತ ದೊಡ್ಡ ಬಿರುದು ಇಲ್ಲವೆಂಬುದು ಆ ಲೋಕದವರ ನಂಬಿಕೆ. ಆ ಲೋಕಕ್ಕೂ ನಮಗೂ ಏನು ಸಂಬಂಧ? ಕೇರಿಯ ನಲ್ಲಿಯಲ್ಲಿ ನೀರಿಲ್ಲ, ಹಾಸ್ಟೆಲ್ ಹುಡುಗರಿಗೆ ಸ್ಕಾಲರ್‌ಶಿಪ್ ಬಂದಿಲ್ಲ, ಅಂಥಾದ್ದರಲ್ಲಿ ಯಾರಿಗೋ ಬಿರುದು ಬಂದರೆ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಗೆಳೆಯರು ಕೇಳುತ್ತಾರೆ. ಸಂಬಂಧ ಇದೆ. ಅದು ತೊಗಲಿನ ಸಂಬಂಧ. ಅದನ್ನು ಬಿಡಿಸಿ ಹೇಳುವುದಕ್ಕೇ ಈ ನಾಲ್ಕು ಮಾತು.

2024ರ ಮಾರ್ಚ್‌ನಲ್ಲಿ ಈ ಬಿರುದು ಘೋಷಣೆಯಾದ ಕೂಡಲೇ ಸಂಗೀತಗಾರರಲ್ಲಿ ಗುಲ್ಲೆದ್ದಿತು. ರಂಜನಿ–ಗಾಯತ್ರಿ ಸಹೋದರಿಯರು ಆ ವರ್ಷದ ಸಮ್ಮೇಳನದಲ್ಲಿ ತಾವು ಹಾಡುವುದಿಲ್ಲ ಎಂದು ಬರೆದು ಹಿಂದೆ ಸರಿದರು. ಕೃಷ್ಣ ಪೆರಿಯಾರರನ್ನು ಹೊಗಳುತ್ತಾರೆ, ಸಂಗೀತ ಲೋಕಕ್ಕೆ ಘಾಸಿ ಮಾಡಿದ್ದಾರೆ ಎಂಬುದು ಅವರ ಆಕ್ಷೇಪ. ಇನ್ನೂ ಕೆಲವರು ಅವರ ಹಿಂದೆ ಹೋದರು. ಅಕಾಡೆಮಿಯ ಅಧ್ಯಕ್ಷ ಎನ್. ಮುರಳಿ ತಮ್ಮ ಆಯ್ಕೆಯನ್ನು ಬಿಟ್ಟುಕೊಡಲಿಲ್ಲ. ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಹೆಸರಿನ ಇನ್ನೊಂದು ಪ್ರಶಸ್ತಿಯನ್ನೂ ಕೃಷ್ಣ ಅವರಿಗೆ ಕೊಡುವ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಹಾಡುವುದಿಲ್ಲ ಎಂದವರನ್ನು ನಾವು ಬೈಯುವುದಿಲ್ಲ. ಹಾಡಲೊಲ್ಲೆ ಎನ್ನುವುದು ಹಾಡುವವರ ಹಕ್ಕು. ಆದರೆ ಇದೇ ಮಾತನ್ನು ನಮ್ಮ ಅಪ್ಪಂದಿರೂ ಒಂದು ಕಾಲಕ್ಕೆ ಆಡಿದ್ದರು. ಊರ ಹಬ್ಬಕ್ಕೆ, ಊರ ಗೌಡರ ಮನೆಯ ಸಾವಿಗೆ ಇನ್ನು ಮೇಲೆ ತಮಟೆ ಬಡಿಯಲ್ಲ ಎಂದಿದ್ದರು. ದಲಿತ ಸಂಘರ್ಷ ಸಮಿತಿಯ ಗಾಳಿ ಹಳ್ಳಿಗಳಿಗೆ ಬೀಸಿದ ಮೇಲೆ ಹುಟ್ಟಿದ ಮಾತು ಅದು. ಅಂದಿದ್ದಷ್ಟೇ, ಮಾರನೆಯ ದಿನದಿಂದ ಕೂಲಿಗೆ ಕರೆಯಲಿಲ್ಲ. ಅಂಗಡಿಯಲ್ಲಿ ಉಪ್ಪು ಬೆಂಕಿಪೊಟ್ಟಣ ಕೊಡಲಿಲ್ಲ. ಬದುವಿನ ಮೇಲೆ ದನ ಓಡಾಡಿದರೆ ದಂಡ ಹಾಕಿದರು. ಚೆನ್ನೈಯಲ್ಲಿ 'ಬರಲ್ಲ' ಎಂದವರ ಹೆಸರು ಪತ್ರಿಕೆಯಲ್ಲಿ ಬಂತು. ನಮ್ಮೂರಲ್ಲಿ 'ಬರಲ್ಲ' ಎಂದವರ ಒಲೆ ಆರಿತು. ಮಾತು ಒಂದೇ, ಆಡಿದ ಬಾಯಿಗಳು ಬೇರೆ. ಒಬ್ಬನ ನಿರಾಕರಣೆ ಆತ್ಮಸಾಕ್ಷಿ ಎನಿಸಿಕೊಂಡು, ಇನ್ನೊಬ್ಬನ ನಿರಾಕರಣೆ ಕೊಬ್ಬು ಎನಿಸಿಕೊಳ್ಳುವುದು ಹೇಗೆ? ಇದು ನಮ್ಮ ಮೊದಲ ಪ್ರಶ್ನೆ.

ಎರಡನೆಯದು ಇನ್ನೂ ಆಳದ್ದು. ಕಚೇರಿಯಲ್ಲಿ ಗಾಯಕರ ಪಕ್ಕ ಮೃದಂಗ ಇರುತ್ತದಲ್ಲ, ಅದನ್ನು ಒಮ್ಮೆ ಕಣ್ಣಿಟ್ಟು ನೋಡಿ. ಒಡಲು ಹಲಸಿನ ಮರದ್ದು. ಎರಡು ಕಡೆಯ ಮುಚ್ಚಿಗೆ, ಎಳೆದು ಕಟ್ಟಿದ ಬಾರು ಎಲ್ಲವೂ ತೊಗಲು. ಹಸುವಿನದು, ಆಡಿನದು, ಎಮ್ಮೆಯದು. ಬಲಗಡೆಯ ಮುಚ್ಚಿಗೆಯ ನಡುವೆ ಕಪ್ಪು ಕರಣೆ, ಕಲ್ಲಿನ ಪುಡಿಯನ್ನು ಬೆಂದ ಅನ್ನದಲ್ಲಿ ಕಲಸಿ ಪದರ ಪದರವಾಗಿ ತಿಕ್ಕಿ ಕೂರಿಸಿದ್ದು. ಯಾವ ತೊಗಲು ಯಾವ ಕಡೆಗೆ ಒಗ್ಗುತ್ತದೆ, ಎಷ್ಟು ತೆಳುವಾಗಬೇಕು, ಕರಣೆ ಎಷ್ಟು ದಪ್ಪವಾದರೆ ಯಾವ ಶ್ರುತಿ ನಿಲ್ಲುತ್ತದೆ ಎನ್ನುವುದೆಲ್ಲ ಮಾಡುವವನ ಬೆರಳಿಗೆ, ಕಿವಿಗೆ ಗೊತ್ತು. ಶ್ರುತಿಜ್ಞಾನ ಇಲ್ಲದವನು ಮೃದಂಗ ಮಾಡಲಾರ. ಆದರೂ ಒಬ್ಬ ವಿದ್ವಾಂಸ, ಇನ್ನೊಬ್ಬ ರಿಪೇರಿಯವನು.

ತಮಿಳುನಾಡಿನಲ್ಲಿ ಈ ಕೆಲಸ ಮಾಡುತ್ತ ಬಂದವರಲ್ಲಿ ಬಹುಪಾಲು ದಲಿತ ಕ್ರೈಸ್ತರು. ಇವರ ಕತೆಯನ್ನು ಕೃಷ್ಣ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕದಲ್ಲಿ ಬರೆದರು. ಅದರ ಬಿಡುಗಡೆ 2020ರ ಫೆಬ್ರವರಿಯಲ್ಲಿ ಚೆನ್ನೈನ ಕಲಾಕ್ಷೇತ್ರದಲ್ಲಿ ಆಗಬೇಕಿತ್ತು. ಹಸುವಿನ ತೊಗಲಿನ ಮಾತಿರುವ ಒಂದು ಭಾಗ ಪತ್ರಿಕೆಯಲ್ಲಿ ಅಚ್ಚಾಯಿತು. ಕಲಾಕ್ಷೇತ್ರ ಸಭಾಂಗಣ ಕೊಡುವುದಿಲ್ಲ ಎಂದಿತು. ಕೊನೆಗೆ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂನಲ್ಲಿ ಬಿಡುಗಡೆಯಾಯಿತು. ವಿಚಿತ್ರ ನೋಡಿ. ಹಸುವಿನ ತೊಗಲು ಸಭೆಯೊಳಗೆ ಹೋಗಬಹುದು, ವೇದಿಕೆಯ ಮೇಲೆ ಕೂರಬಹುದು, ಮಡಿವಂತರ ತೊಡೆಯ ಮೇಲೂ ಮಲಗಬಹುದು. ಅದು ಹಸುವಿನ ತೊಗಲು ಎಂಬ ಮಾತು ಮಾತ್ರ ಒಳಗೆ ಹೋಗಬಾರದು.

ಮೃದಂಗ ವಿದ್ವಾಂಸರಲ್ಲಿ ಮೊದಲು ಕಲಾನಿಧಿ ಬಿರುದು ಪಡೆದವರು ಪಾಲ್ಘಾಟ್ ಮಣಿ ಅಯ್ಯರ್, 1966ರಲ್ಲಿ. ಅವರ ನಾದವನ್ನು ಇವತ್ತಿಗೂ ಕಣ್ಣು ಮುಚ್ಚಿ ನೆನೆಯುತ್ತಾರೆ. ಅವರಿಗೆ ಮೃದಂಗ ಮಾಡಿಕೊಟ್ಟವರು ಸೆಬಾಸ್ಟಿಯನ್ನರ ಮನೆತನದ ಪರ್ಲಾಂದು. ಬಾರಿಸಿದ ಕೈಯ ಹೆಸರು ನಮ್ಮ ಊರಿನ ಸಂಗೀತದ ಮೇಷ್ಟರಿಗೂ ಗೊತ್ತು. ಮಾಡಿದ ಕೈಯ ಹೆಸರು ನಮಗೇ ಈಗ ಗೊತ್ತಾಗಿದೆ.

ಈ ಋಣ ತೀರುವುದು ಹೇಗೆ? ಮಾಡಿದವನ ಹೆಸರು ಹೇಳಿದರೆ ಸಾಕೇ? ಶಾಲು ಹೊದಿಸಿದರೆ ಸಾಕೇ? ಇದಕ್ಕೆ ಉತ್ತರ ಹುಡುಕುತ್ತ ನಮಗೆ ನೆನಪಾದದ್ದು ಹರಳಯ್ಯನ ಕತೆ. ಹರಳಯ್ಯ ತನಗೆ ಶರಣು ಎಂದಾಗ ಬಸವಣ್ಣ 'ಶರಣು ಶರಣಾರ್ಥಿ' ಎಂದ. ಒಂದಕ್ಕೆ ಎರಡು ಬಂತಲ್ಲ, ಆ ಭಾರ ಇಳಿಸಬೇಕು ಎಂದು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ಸುಲಿದು ಮೆಟ್ಟು ಮಾಡಿಕೊಟ್ಟರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡ. ಈ ಕತೆಯನ್ನು ಮಠದವರೂ ಹೇಳುತ್ತಾರೆ, ಮಂತ್ರಿಗಳೂ ಹೇಳುತ್ತಾರೆ. ಕೇಳುವವರ ಕಣ್ಣಲ್ಲಿ ನೀರು. ಆದರೆ ಕತೆ ಅಲ್ಲಿಗೆ ನಿಲ್ಲುವುದಿಲ್ಲವಲ್ಲ. ಅದೇ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟಾಗ ಏನಾಯಿತು? ಎಳೆಹೂಟೆ. ಕಲ್ಯಾಣ ಹತ್ತಿ ಉರಿಯಿತು.

ಮೆಟ್ಟು ತಲೆಯ ಮೇಲೆ ಹೊತ್ತಾಗ ಯಾವ ಅರಸನಿಗೂ ನೋವಾಗಲಿಲ್ಲ. ಕೊಡು–ಕೊಳ್ಳು ಶುರುವಾದಾಗ ಕತ್ತಿ ಎದ್ದಿತು. ಗೌರವ ಕೊಟ್ಟರೆ ವ್ಯವಸ್ಥೆಗೆ ಏನೂ ಆಗುವುದಿಲ್ಲ, ನಂಟು ಬೆಳೆಸಿದರೆ ಅದರ ಬೇರಿಗೇ ಪೆಟ್ಟು ಎಂಬ ಪಾಠವನ್ನು ನಮ್ಮವರು ಹನ್ನೆರಡನೆಯ ಶತಮಾನದಲ್ಲೇ ರಕ್ತ ಕೊಟ್ಟು ಕಲಿತಿದ್ದಾರೆ.

ಈ ಅಳತೆಗೋಲು ಹಿಡಿದು ಕೃಷ್ಣ ಅವರನ್ನೂ ನೋಡಬೇಕು. 2015ರಲ್ಲಿ ಅವರು ಗೆಳೆಯರ ಜೊತೆ ಸೇರಿ ಚೆನ್ನೈನ ಮೀನುಗಾರರ ಊರೂರ್ ಆಲ್ಕಾಟ್ ಕುಪ್ಪಂನಲ್ಲಿ ಹಬ್ಬ ಶುರು ಮಾಡಿದರು; ಕರ್ನಾಟಕ ಸಂಗೀತವೂ ಪರೈ ವಾದ್ಯವೂ ಒಂದೇ ವೇದಿಕೆಗೆ ಬಂದವು. ನಮ್ಮ ನಾಡಿನ ಜೋಗಪ್ಪಗಳ ಜೊತೆ ಕೂತು ಹಾಡಿದರು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ತಾನು ಹುಟ್ಟಿದ ಅಗ್ರಹಾರವನ್ನು ಒಳಗಿನಿಂದಲೇ ಪ್ರಶ್ನಿಸುವುದು ಸಣ್ಣ ಮಾತಲ್ಲ. ಅದಕ್ಕೆ ನಮ್ಮ ಸಲಾಂ ಇದೆ.

ಆದರೂ ಒಂದು ಮಾತು ಗಂಟಲಲ್ಲಿ ಉಳಿಯುತ್ತದೆ. ಮೇಲಿನಿಂದ ಇಳಿದು ಬಂದವನಿಗೆ ಬಿರುದು ಬರುತ್ತದೆ. ಕೆಳಗೇ ಇದ್ದವನು ಕೆಳಗೇ ಇರುತ್ತಾನೆ. ಮೃದಂಗ ಮಾಡುವವರ ಬಗ್ಗೆ ಬರೆದವರಿಗೆ ಕಲಾನಿಧಿ ಬಂತು, ಮಾಡುವವರಿಗೆ ಎಂದು ಬರುತ್ತದೆ? ಇದನ್ನು ಕೃಷ್ಣ ಅವರ ತಪ್ಪು ಎಂದು ನಾವು ಹೇಳುತ್ತಿಲ್ಲ. ಕೊಡುವ ಕೈ ಎಲ್ಲಿದೆ ಎಂದು ತೋರಿಸುತ್ತಿದ್ದೇವೆ, ಅಷ್ಟೆ. 2020ರ ಡಿಸೆಂಬರಿನಲ್ಲಿ ಪಾ. ರಂಜಿತ್ ಅವರ ನೀಲಂ ಬಳಗ ಅದೇ ಮಾರ್ಗಳಿ ತಿಂಗಳಲ್ಲಿ 'ಮಾರ್ಗಳಿಯಿಲ್ ಮಕ್ಕಳಿಸೈ' ಎಂದು ಜನರ ಸಂಗೀತದ ಹಬ್ಬವನ್ನು ತಾವೇ ಮಾಡಿದ್ದು ನಮಗೆ ಇನ್ನೊಂದು ದಾರಿಯಾಗಿ ಕಾಣುತ್ತದೆ. ಸಭೆಯ ಬಾಗಿಲು ತಟ್ಟುತ್ತ ನಿಲ್ಲುವ ಬದಲು ಅವರು ತಮ್ಮದೇ ಚಪ್ಪರ ಹಾಕಿದರು.

ಇಷ್ಟೆಲ್ಲ ಮಾತಾಡುವ ನಾವೇನು ಸಾಚಾಗಳೇ? ಅದನ್ನೂ ಹೇಳಿಬಿಡಬೇಕು. ಡಿಗ್ರಿ ಓದಲು ಹೋದ ಮೇಲೆ ನಮಗೆ ತಮಟೆ ಅಂದರೆ ನಾಚಿಕೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ 'ನೀವು ಚೆನ್ನಾಗಿ ಬಾರಿಸ್ತೀರಂತಲ್ಲ, ಬನ್ನಿ' ಎಂದು ಮೇಷ್ಟರೊಬ್ಬರು ಎಲ್ಲರ ಮುಂದೆ ಕರೆದಾಗ ನಮಗೆ ಬರುವುದಿಲ್ಲ ಎಂದು ಸುಳ್ಳು ಹೇಳಿದೆವು. ಹೆಸರು ಕೇಳಿ ಜಾತಿ ಊಹಿಸಿ ಕರೆದಿದ್ದರು ಎಂಬ ಸಿಟ್ಟು ಒಂದು ಕಡೆ. ಬೆರಳುಗಳು ಬೆಂಚಿನ ಮೇಲೆ ತಾವಾಗಿಯೇ ಆಡುತ್ತಿದ್ದವು, ಅದು ಇನ್ನೊಂದು ಕಡೆ.

ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪನನ್ನು ಕೇಳಿದೆವು. ಊರಿಗೆ ಬಡಿಯಲ್ಲ ಎಂದು ಮೊದಲು ಎದ್ದು ನಿಂತವರಲ್ಲಿ ಅವನೂ ಒಬ್ಬ. ಆದರೆ ಗೋಡೆಯ ಗೂಟದಿಂದ ತಮಟೆ ಇಳಿಸಿ ಬಿಸಾಕಿರಲಿಲ್ಲ.

"ದೊಡ್ಡಪ್ಪ, ತಮಟೆ ನಮಗೆ ಅವಮಾನ ಅಂತ ತಾನೆ ಬಿಟ್ಟಿದ್ದು? ಮತ್ಯಾಕೆ ಇಟ್ಕೊಂಡಿದ್ದೀಯ?"

"ತಮಟೆ ಏನ್ ಮಾಡ್ತು ಕಣ್ರಪ್ಪ? ಕರೆದಾಗ ಹೋಗ್ಲೇಬೇಕು ಅನ್ನೋದಿತ್ತಲ್ಲ, ಅದು ಅವಮಾನ. ನಿಮ್ಮ ಜಾಥಾಕ್ಕೆ ಬಡಿದಾಗ ನನಗೆ ಅವಮಾನ ಆಗಿದ್ದನ್ನ ನೋಡಿದ್ರಾ?"

ನೋಡಿರಲಿಲ್ಲ. ಹುಲ್ಲಿನ ಉರಿಗೆ ತೊಗಲು ಕಾಸುತ್ತ, ಬೆರಳಲ್ಲಿ ತಟ್ಟಿ ತಟ್ಟಿ ಕಿವಿಗೊಡುತ್ತಿದ್ದ ಅವನ ಮುಖ ನೋಡಿದ್ದೆವು. ಶ್ರುತಿ ಸೇರಿಸುವ ಯಾವ ವಿದ್ವಾಂಸನ ಮುಖಕ್ಕೂ ಅದು ಕಡಿಮೆಯದಲ್ಲ.

ದೊಡ್ಡಪ್ಪನ ಮಾತಿನಲ್ಲಿ ನಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಇದೆ ಅನ್ನಿಸುತ್ತದೆ. ನಾದಕ್ಕೆ ಮೈಲಿಗೆ ಇಲ್ಲ, ತೊಗಲಿಗೂ ಇಲ್ಲ. ಒಲ್ಲೆ ಎನ್ನಲಾಗದ ಕಡೆ ಮಾತ್ರ ಮೈಲಿಗೆ ಇದೆ, ಮತ್ತು ಅದು ಬಡಿಸಿಕೊಂಡವರದು. ಚಿಕ್ಕಬಳ್ಳಾಪುರ ಸೀಮೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಕೇರಿ ಕೇರಿಯಲ್ಲಿ ಕುಣಿದಾಡಿದೆವು. ಕುಣಿಯಬೇಕಾದ್ದೇ. ಆದರೆ ಪದ್ಮಶ್ರೀಯೂ ತಲೆಯ ಮೇಲಿಟ್ಟ ಮೆಟ್ಟೇ. ಕೊಡು–ಕೊಳ್ಳು ಇನ್ನೂ ಬಾಕಿ ಇದೆ.

ಸಂಗೀತದಲ್ಲಿ ಆ ಕೊಡು–ಕೊಳ್ಳು ಅಂದರೆ ಏನು? ಮೃದಂಗ ಮಾಡುವವನ ಮಗಳು ಅದನ್ನು ಬಾರಿಸಲು ಕಲಿಯಬೇಕು, ಕಲಿಸುವವರ ಮನೆಯ ನಡುಮನೆಯಲ್ಲೇ ಕೂತು ಕಲಿಯಬೇಕು. ಬಾರಿಸುವವನ ಮಗ ತೊಗಲು ಹದ ಮಾಡಲು ಕಲಿಯಬೇಕು, ಅದರ ವಾಸನೆ ಅವನ ಕೈಗೂ ಹತ್ತಬೇಕು. ಕಚೇರಿಯ ಕರಪತ್ರದಲ್ಲಿ ಬಾರಿಸುವವರ ಹೆಸರಿನ ಕೆಳಗೆ ಮಾಡಿದವರ ಹೆಸರು ಇರಬೇಕು, ಸಂಭಾವನೆಯಲ್ಲಿ ಪಾಲೂ ಇರಬೇಕು. ನಮ್ಮ ಹಳ್ಳಿ ಶಾಲೆಗಳ ಮೇಷ್ಟ್ರುಗಳು ಸಂಗೀತ ಅಂದರೆ ಸರಿಗಮ ಎಂದು ಬರೆಸುವ ಮೊದಲು ಹಲಸಿನ ಮರ, ತೊಗಲು, ಕಲ್ಲಿನ ಪುಡಿ, ಅನ್ನ ಎಂದು ಬರೆಸಲಿ. ಇವನ್ನು ಯಾರು ತಂದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ.

ಇನ್ನು ನಾವು. ಈ ಸಲ ಊರಿಗೆ ಹೋದಾಗ ದೊಡ್ಡಪ್ಪನ ತಮಟೆ ಇಳಿಸಿ ಉರಿಗೆ ಹಿಡಿಯುತ್ತೇವೆ. ಯಾರೂ ಕರೆದಿಲ್ಲ, ಯಾರ ಹಬ್ಬವೂ ಇಲ್ಲ.