ಹಕ್ಕಿಯ ಚಿತ್ರವೂ ಹಕ್ಕಿಯ ಹಿತವೂ

ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ಕುಂದಲಹಳ್ಳಿಯ ಕೆರೆಗೆ ಸಮೀಪವಾಗಿ, ಬ್ರೂಕ್‌ಫೀಲ್ಡ್ ಎಂಬ ಬಡಾವಣೆಯಿದೆ. ಹಿಂದೆ ಹೊಲಗಳೂ ತೋಪುಗಳೂ ಇದ್ದ ಆ ಸೀಮೆಯಲ್ಲಿ ಈಗ ಮಹಡಿಯ ಮೇಲೆ ಮಹಡಿಯಾಗಿ ಮನೆಗಳೆದ್ದಿವೆ. ಹಿತ್ತಿಲೆಂಬುದು ಎಷ್ಟೋ ಸಂಸಾರಗಳಿಗೆ ಬಾಲ್ಕನಿಯಲ್ಲಿಟ್ಟ ನಾಲ್ಕಾರು ಕುಂಡಗಳ ಮಟ್ಟಿಗೆ ಉಳಿದಿದೆ. ಆದರೂ ಹಕ್ಕಿಗಳು ಮನುಷ್ಯನ ಮೇಲೆ ಮುನಿದು ಊರು ಬಿಟ್ಟಿಲ್ಲ. ಬೆಳಗಿನ ಜಾವದಲ್ಲಿ ಮಡಿವಾಳ ಹಕ್ಕಿಯ ಸಿಳ್ಳು ಕೇಳುತ್ತದೆ. ಕೆಂಪು ಮೀಸೆಯ ಪಿಕಳಾರವು ಜುಟ್ಟನ್ನು ನಿಮಿರಿಸಿ ತಂತಿಯ ಮೇಲೆ ಕುಳಿತುಕೊಳ್ಳುತ್ತದೆ. ಸೂರಕ್ಕಿಯು ದಾಸವಾಳದ ಹೂವಿಗೆ ತನ್ನ ಬಾಗಿದ ಕೊಕ್ಕನ್ನು ಚಾಚುತ್ತದೆ.

ಇಂತಹ ಮನೆಯೊಂದರಲ್ಲಿ ಒಬ್ಬ ಗೃಹಸ್ಥನು ಕ್ಯಾಮೆರಾ ಹಿಡಿದು ನಿಂತಿರುವನೆಂದು ಭಾವಿಸಬಹುದು. ಕುಂಡದ ಬಳ್ಳಿಯಲ್ಲಿ ಸೂರಕ್ಕಿಯ ಗೂಡು ಜೋತಾಡುತ್ತಿದೆ. ಹತ್ತು ಗ್ರಾಂ ತೂಕವೂ ಇಲ್ಲದ ಹೆಣ್ಣುಹಕ್ಕಿ ನಾರನ್ನೂ ಜೇಡರ ಬಲೆಯನ್ನೂ ಕೂಡಿಸಿ ಹೆಣೆದು, ಹೊರಗೆ ತೊಗಟೆಯ ಚೂರುಗಳನ್ನು ಅಂಟಿಸಿ, ಒಳಗೆ ಎಕ್ಕದ ಅರಳೆಯನ್ನು ಹಾಸಿ ಮಾಡಿದ ಸಂಚಿ ಅದು. ಒಳಗೆ ಮರಿಗಳಿವೆ. ನೆತ್ತಿಯಲ್ಲಿ ಹಸುರೂ ಸೊಂಟದಲ್ಲಿ ನೇರಿಳೆಯೂ ಹೊಟ್ಟೆಯಲ್ಲಿ ಹಳದಿಯೂ ಆದ ಗಂಡುಹಕ್ಕಿ ಗುಟುಕು ತರುತ್ತಿದೆ. ಆದರೆ ಗೂಡಿನ ಬಾಯಿಗೆ ಎಲೆಯೊಂದು ಅಡ್ಡವಾಗಿದೆ. ಅದನ್ನು ಕತ್ತರಿಸಿದರೆ ಚಿತ್ರವು ನಿಚ್ಚಳವಾದೀತು. ಗೃಹಸ್ಥನ ಕೈಯಲ್ಲಿ ಕತ್ತರಿಯಿದೆ. ಅವನು ಏನು ಮಾಡತಕ್ಕದ್ದು?

ಎಲೆಯೊಂದರ ವಿಷಯದಲ್ಲಿ ಧರ್ಮಜಿಜ್ಞಾಸೆಯೇಕೆಂದು ಕೆಲವರು ನಗಬಹುದು. ಹಕ್ಕಿಯನ್ನು ಕೊಲ್ಲುವವನೆಲ್ಲಿ, ಅದರ ಚಿತ್ರವನ್ನು ತೆಗೆಯುವವನೆಲ್ಲಿ ಎಂದು ಅವರು ಕೇಳಿಯಾರು. ಅಂತರವು ಉಂಟು, ಅದು ದೊಡ್ಡದೂ ಹೌದು. ಒಂದು ಕಾಲದಲ್ಲಿ ಪಕ್ಷಿಯನ್ನು ಅರಿಯಬೇಕೆಂದರೆ ಮೊದಲು ಕೋವಿಯನ್ನು ಎತ್ತಬೇಕಾಗಿತ್ತು. ಸಾಲಿಂ ಆಲಿಯವರು ಬಾಲ್ಯದಲ್ಲಿ ತಾವು ಏರ್‌ಗನ್ನಿನಿಂದ ಹೊಡೆದುರುಳಿಸಿದ ಹಳದಿ ಕೊರಳಿನ ಗುಬ್ಬಿಯ ಗುರುತನ್ನು ಅರಸುತ್ತ ಪಕ್ಷಿವಿದ್ಯೆಗೆ ಬಂದ ಸಂಗತಿಯನ್ನು 1985ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಕೋವಿಯ ಸ್ಥಾನಕ್ಕೆ ಕ್ಯಾಮೆರಾ ಬಂದುದು ಕರುಣೆಗೆ ದೊರೆತ ಒಂದು ಜಯವೇ ಸರಿ. 1895ರಲ್ಲಿ ಇಂಗ್ಲೆಂಡಿನ ಕೀರ್ಟನ್ ಸಹೋದರರು ಗೂಡುಗಳ ಛಾಯಾಚಿತ್ರಗಳಿಂದ ತುಂಬಿದ ಗ್ರಂಥವನ್ನು ಹೊರತಂದರು. ಕನ್ನಡನಾಡಿನಲ್ಲಿಯೂ ಸಂಡೂರಿನ ಎಂ. ವೈ. ಘೋರ್ಪಡೆಯವರು, ಬೆಂಗಳೂರಿನ ಟಿ. ಎನ್. ಎ. ಪೆರುಮಾಳರು, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಈ ಕಲೆಗೆ ಮರ್ಯಾದೆಯನ್ನು ತಂದುಕೊಟ್ಟರು. ಚಿತ್ರವನ್ನು ಕಂಡು ಹಕ್ಕಿಯ ಹೆಸರನ್ನು ಕಲಿತ ಮಕ್ಕಳು ಅದೆಷ್ಟೋ! ಹೆಸರು ಬಲ್ಲವನು ಕವಣೆಕಲ್ಲನ್ನು ಬೀಸುವ ಮುನ್ನ ಒಮ್ಮೆಯಾದರೂ ಹಿಂದೆಗೆಯುತ್ತಾನೆ. ಛಾಯಾಗ್ರಾಹಕನ ಪಕ್ಷದಲ್ಲಿ ಹೇಳಬಹುದಾದ ಈ ಮಾತು ಅಲ್ಪವಾದುದಲ್ಲ.

ಆದರೆ ಕೋವಿಯ ಸಂಸ್ಕಾರವು ಕ್ಯಾಮೆರಾವನ್ನು ಪೂರ್ತಿಯಾಗಿ ಬಿಟ್ಟಿಲ್ಲ. 1882ರಲ್ಲಿ ಫ್ರಾನ್ಸಿನ ಮಾರೇ ಎಂಬ ವಿಜ್ಞಾನಿ ಹಾರುವ ಹಕ್ಕಿಯ ಚಲನೆಯನ್ನು ಹಿಡಿಯಲು ನಿರ್ಮಿಸಿದ, ಸೆಕೆಂಡಿಗೆ 12 ಚಿತ್ರಗಳನ್ನು ತೆಗೆಯುವ ಯಂತ್ರದ ಆಕಾರವೇ ಬಂದೂಕಿನದಾಗಿತ್ತು. ಆಕಾರವು ಬದಲಾದರೂ ಅದರ ಹಿಂದಿನ ಹಂಬಲವು ಬದಲಾಯಿತೇ ಎಂಬುದೇ ಇಲ್ಲಿಯ ಪ್ರಶ್ನೆ.

ಎಲೆಯನ್ನೇ ನೋಡಬಹುದು. ಚಿತ್ರಕ್ಕೆ ಅಡ್ಡಿಯಾದ ಆ ಎಲೆ ಮರಿಗಳಿಗೆ ಸೂರು. ಅದು ಮಧ್ಯಾಹ್ನದ ಬಿಸಿಲನ್ನು ತಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಗೆಯ ಕಣ್ಣನ್ನು ತಡೆಯುತ್ತದೆ. ಛಾಯಾಗ್ರಾಹಕನಿಗೆ ತೆರೆದ ನೋಟವು ಕಾಗೆಗೂ ತೆರೆದ ನೋಟವೇ. ಚಿತ್ರ ತೆಗೆದವನು ಸಂತೋಷದಿಂದ ಒಳಗೆ ಹೋದಮೇಲೆ ನಡೆಯುವುದಕ್ಕೆ ಅವನು ಸಾಕ್ಷಿಯಾಗಿರುವುದಿಲ್ಲ. ಆದುದರಿಂದ ತಾನು ಕಾರಣನೆಂಬುದೂ ಅವನಿಗೆ ತಿಳಿಯುವುದಿಲ್ಲ. ತಿಳಿಯದೆ ಮಾಡಿದುದಕ್ಕೆ ಹೊಣೆಯಿಲ್ಲವೆಂಬ ಸಮಾಧಾನವು ಇಲ್ಲಿ ಸಲ್ಲದು. ತಿಳಿಯುವುದು ಅವನಿಗೆ ಸಾಧ್ಯವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಪದವನ್ನು ವಿವರಿಸುವಾಗ ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿಮಾಡುವುದನ್ನು ಮಾತ್ರವಲ್ಲದೆ, ಮೊಟ್ಟೆಗಳನ್ನಾಗಲಿ ಗೂಡನ್ನಾಗಲಿ ಕಲಕುವುದನ್ನೂ ಅದರಲ್ಲಿ ಸೇರಿಸಿದೆ. ಬೇಟೆಗೆ ರಕ್ತವೇ ಬೇಕಾಗಿಲ್ಲವೆಂಬ ಸೂಕ್ಷ್ಮವನ್ನು ಶಾಸನವು ಕಂಡುಕೊಂಡಿದೆ. ಮನಸ್ಸು ಕಾಣಬೇಕಾದುದು ಇನ್ನೂ ಉಳಿದಿದೆ.

ಇನ್ನೊಂದು ರೂಢಿಯುಂಟು. ಹಕ್ಕಿಯ ಕೂಗನ್ನು ಯಂತ್ರದಲ್ಲಿ ಹಿಡಿದಿಟ್ಟುಕೊಂಡು, ಪೊದೆಯ ಮುಂದೆ ನುಡಿಸಿ, ಹಕ್ಕಿಯನ್ನು ಬಯಲಿಗೆ ಕರೆಯುವುದು. ಗಂಡುಹಕ್ಕಿ ತನ್ನ ನೆಲೆಗೆ ಎದುರಾಳಿಯೊಬ್ಬನು ಬಂದನೆಂದು ನಂಬಿ, ಮೇವನ್ನೂ ಗುಟುಕನ್ನೂ ಬಿಟ್ಟು, ಇಲ್ಲದ ಹಗೆಯನ್ನು ಹುಡುಕುತ್ತ ಅಲೆಯುತ್ತದೆ. ಇಲ್ಲಿ ಯಾವ ಗರಿಯೂ ಮುರಿದಿಲ್ಲ. ಆದರೆ ಒಂದು ಸುಳ್ಳು ನಡೆದಿದೆ. ಮನುಷ್ಯನಿಗೆ ಹೇಳಬಾರದ ಸುಳ್ಳನ್ನು ಹಕ್ಕಿಗೆ ಹೇಳಬಹುದೆ? ಕೇಳಿದವನು ನ್ಯಾಯಸ್ಥಾನಕ್ಕೆ ಹೋಗಲಾರನೆಂಬುದು ಸುಳ್ಳಿಗೆ ಸಮರ್ಥನೆಯಾಗದು. ಹಾಗಾದ ಕಡೆಯಲ್ಲಿಯೇ ಸತ್ಯದ ಪರೀಕ್ಷೆ ಹೆಚ್ಚು ಕಠಿನವಾದುದು.

ಮುಂಡಕೋಪನಿಷತ್ತಿನಲ್ಲಿ ಒಂದೇ ಮರವನ್ನು ಆಶ್ರಯಿಸಿದ ಎರಡು ಹಕ್ಕಿಗಳ ದೃಷ್ಟಾಂತವು ಬರುತ್ತದೆ. ಒಂದು ಹಣ್ಣನ್ನು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ಛಾಯಾಗ್ರಾಹಕನು ತಾನು ಎರಡನೆಯ ಹಕ್ಕಿಯೆಂದು ತಿಳಿದಿರುತ್ತಾನೆ. ತಾನು ಏನನ್ನೂ ಮುಟ್ಟಲಿಲ್ಲ, ನೋಡಿದೆನಷ್ಟೆ ಎಂದುಕೊಳ್ಳುತ್ತಾನೆ. ಆದರೆ ಚಿತ್ರವೂ ಒಂದು ಹಣ್ಣೇ. ಅದರ ರುಚಿ ಹತ್ತಿದವನು ಇನ್ನೂ ಸಮೀಪದ, ಇನ್ನೂ ನಿಚ್ಚಳವಾದ, ನೆರೆಯವನಲ್ಲಿಲ್ಲದ ಚಿತ್ರಕ್ಕಾಗಿ ಹಸಿಯುತ್ತಾನೆ. ನೋಟವು ಯಾವ ಗಳಿಗೆಯಲ್ಲಿ ಭೋಗವಾಯಿತೆಂಬುದು ಅವನಿಗೇ ಗೊತ್ತಾಗುವುದಿಲ್ಲ. ಸೂರಕ್ಕಿಯ ನೆತ್ತಿಯ ಮಿನುಗು ಕೂಡ ಈ ಪಾಠವನ್ನೇ ಹೇಳುವಂತಿದೆ. ಅದು ಗರಿಗೆ ಬಳಿದ ಬಣ್ಣವಲ್ಲ. ಗರಿಯ ಸೂಕ್ಷ್ಮ ಪದರಗಳಲ್ಲಿ ಬೆಳಕು ಹೊಕ್ಕು ಮರಳುವುದರಿಂದ ಹುಟ್ಟುವ ಕಾಂತಿ. ಹಕ್ಕಿ ತಲೆಯನ್ನು ತುಸು ತಿರುಗಿಸಿದರೆ ಹಸುರು ಆರಿ ಕಪ್ಪಾಗುತ್ತದೆ. ಚಿತ್ರವು ಒಂದು ಕ್ಷಣದ ಮಿನುಗನ್ನು ಹಿಡಿಯಬಲ್ಲುದು. ಮಿನುಗಿ ಆರುವ ಆ ಆಟವನ್ನು ಕಾಣಬೇಕಾದವನು ಸುಮ್ಮನೆ ಕುಳಿತು ನೋಡಬೇಕು.

ಹಾಗಾದರೆ ಕ್ಯಾಮೆರಾವನ್ನು ಬಿಸುಡಬೇಕೆ? ಬೇಕಾಗಿಲ್ಲ. ಬೇಸಗೆಯಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರಿಡುವವನೂ ಹಕ್ಕಿಯನ್ನು ಕರೆಯುತ್ತಾನೆ. ದಾಸವಾಳವನ್ನು ನೆಡುವವನೂ ಕರೆಯುತ್ತಾನೆ. ಬಲೆ ಬೀಸುವವನೂ ಕಾಳನ್ನು ಚೆಲ್ಲುತ್ತಾನೆ. ಇವುಗಳಲ್ಲಿ ಆತಿಥ್ಯವಾವುದು, ಹೊಂಚಾವುದು ಎಂದು ವಿಂಗಡಿಸಲು ಸುಲಭವಾದ ಒಂದು ಒರೆಗಲ್ಲುಂಟು: ಚಿತ್ರವು ದೊರೆಯದ ದಿನದಲ್ಲಿಯೂ ತಟ್ಟೆಯಲ್ಲಿ ನೀರು ಇರುವುದೆ? ಇರುವುದಾದರೆ ಆ ಮನೆಯವನು ಆತಿಥೇಯ. ಮತ್ತೊಂದು ಒರೆಗಲ್ಲು ಇದಕ್ಕಿಂತ ಕಟ್ಟುನಿಟ್ಟಾದುದು: ತಾನು ಅಲ್ಲಿಲ್ಲದಿದ್ದರೆ ಹಕ್ಕಿಯ ದಿನವು ಹೇಗೆ ಕಳೆಯುತ್ತಿತ್ತೋ, ತಾನು ಅಲ್ಲಿರುವಾಗಲೂ ಹಾಗೆಯೇ ಕಳೆಯುತ್ತಿದೆಯೆ? ತಾಯಿಹಕ್ಕಿ ಗುಟುಕನ್ನು ಕೊಕ್ಕಿನಲ್ಲಿಟ್ಟುಕೊಂಡೇ ಗೂಡಿಗೆ ಬಾರದೆ ಸುಳಿದಾಡಿದರೆ, ಅದು ಉತ್ತರವನ್ನು ಹೇಳಿಬಿಟ್ಟಿತು. ಆಗ ಹಿಂದೆ ಸರಿಯುವುದೊಂದೇ ಉಳಿದ ಕರ್ತವ್ಯ.

ಕತ್ತರಿ ಹಿಡಿದು ನಿಂತ ಗೃಹಸ್ಥನಿಗೆ ಇಷ್ಟರಿಂದ ದಾರಿ ಕಾಣದಿರದು. ಸೂರಕ್ಕಿಯ ಮರಿಗಳು ಮೊಟ್ಟೆಯೊಡೆದ ಸುಮಾರು 17 ದಿನಗಳಲ್ಲಿ ಗೂಡು ಬಿಡುತ್ತವೆ. ಅಲ್ಲಿಯವರೆಗೆ ಎಲೆಯು ಎಲೆಯ ಜಾಗದಲ್ಲಿರಲಿ. ಗಂಡುಹಕ್ಕಿ ಹೇಗೂ ದಾಸವಾಳಕ್ಕೆ ಬರುತ್ತದೆ. ಅದರ ಬಣ್ಣವೆಲ್ಲ ಅಲ್ಲಿ ಬಿಸಿಲಿನಲ್ಲಿ ತಾನಾಗಿಯೇ ಕಾಣುತ್ತದೆ. ಅಲ್ಲಿ ಅದರ ಚಿತ್ರವನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ. ಮರಿಗಳು ಹಾರಿಹೋದಮೇಲೆ ಬರಿದಾದ ಗೂಡಿನ ನೇಯ್ಗೆಯನ್ನು ಮಕ್ಕಳನ್ನು ಕರೆದು ಎಷ್ಟು ಹತ್ತಿರದಿಂದ ಬೇಕಾದರೂ ತೋರಿಸಬಹುದು. ಮರಿಗಳು ಬಾಯ್ದೆರೆದ ಆ ಒಂದು ಚಿತ್ರ ಮಾತ್ರ ಅವನಿಗೆ ದೊರೆಯದೆ ಹೋಗಬಹುದು. ಕೊರತೆಯೆಂದರೆ ಅಷ್ಟೆ, ಅದನ್ನು ಅವನು ತಾಳಿಕೊಳ್ಳಬಲ್ಲನು. ಎಲೆಯನ್ನು ಕಳೆದುಕೊಂಡರೆ ಮರಿಗಳು ತಾಳಿಕೊಳ್ಳಲಾರವು.