ಉತ್ತರ ಹೇಳುವುದು ಕಂಪನಿಯ ಧರ್ಮ

ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ವ್ಯಕ್ತಿ. 1896ರಲ್ಲಿ ತೀರ್ಪಾದ ಸಾಲೊಮನ್ ಪ್ರಕರಣದಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಇದನ್ನು ಗಟ್ಟಿ ಮಾಡಿತು. ಆಸ್ತಿ ಹೊಂದುವ, ದಾವೆ ಹೂಡುವ ಈ ವ್ಯಕ್ತಿಗೆ ಆತ್ಮಸಾಕ್ಷಿ ಇಲ್ಲ. ಹಾಗಿದ್ದರೂ ಕೇಳಿದವರಿಗೆ ಉತ್ತರ ಹೇಳುವ ಧರ್ಮ ಅದಕ್ಕಿದೆಯೇ? ಕಂಪನಿಗಳು ಸಾಮಾಜಿಕ ಜಾಲತಾಣಗಳಲ್ಲಿ ಸಕ್ರಿಯವಾಗಿರಬೇಕು ಎನ್ನುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ವ್ಯಾಪಾರದ್ದು. ಅದು ನಿಜ, ಆದರೆ ಸಣ್ಣ ಕಾರಣ; ದೊಡ್ಡದು ಈ ಉತ್ತರ ಹೇಳುವ ಧರ್ಮ.

ನಿಯಮ ಮೀರದೆ ಲಾಭ ಗಳಿಸುವುದೇ ಉದ್ಯಮದ ಸಾಮಾಜಿಕ ಹೊಣೆ ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1970ರಲ್ಲಿ ವಾದಿಸಿದರು. 12ನೇ ಶತಮಾನದ ಶರಣರ ಕಾಯಕ ತತ್ತ್ವ ಇನ್ನೂ ಹೆಚ್ಚಿನದನ್ನು ಕೇಳುತ್ತದೆ: ದುಡಿಮೆ ಶುದ್ಧವಾಗಿರಬೇಕು, ನಡೆ ನುಡಿಗಳಲ್ಲಿ ಬಿರುಕಿರಬಾರದು, ಗಳಿಕೆ ದಾಸೋಹಕ್ಕೂ ಸಲ್ಲಬೇಕು. ಆ ನಡೆ ನುಡಿಗಳ ಬಗ್ಗೆ ಗಲ್ಲಾದ ಮುಂದೆ ಕೂತ ಮಾಲೀಕನನ್ನು ಗಿರಾಕಿ ನೇರವಾಗಿ ಕೇಳಬಹುದು. ದೊಡ್ಡ ಕಂಪನಿಗೆ ಅಂಥ ಮುಖವಿಲ್ಲ. ಅದರ ಜಾಲತಾಣದ ಖಾತೆಯೇ ಈಗ ಆ ಮುಖ.

ಹೊಸ ಕುಕ್ಕರಿನ ಗ್ಯಾಸ್ಕೆಟ್ಟಿನಿಂದ ಆವಿ ಸೋರುತ್ತಿದೆ ಎಂದು ಗೃಹಿಣಿಯೊಬ್ಬರು ಫೋಟೊ ಸಮೇತ ಬರೆದರೆ, ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಹೋಗುವ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಉತ್ತರವೇ ಅಲ್ಲ. ಯಾವ ಮಾದರಿ, ಎಲ್ಲಿ ಬದಲಿಸಿಕೊಡುತ್ತಾರೆ, ಯಾವಾಗ ಎಂಬುದು ಉತ್ತರ. ಭಾರತದ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ಸಂಸ್ಥೆಗಳು ದೂರು ತಲುಪಿದ್ದನ್ನು 48 ಗಂಟೆಯೊಳಗೆ ಖಚಿತಪಡಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಧರ್ಮದ ದೃಷ್ಟಿಯಲ್ಲಿ ಇದು ಕನಿಷ್ಠ ಮಟ್ಟ ಮಾತ್ರ. ಜಾಹೀರಾತು ಉಳಿಸಿಕೊಂಡು ದೂರುಗಳನ್ನಷ್ಟೇ ಅಳಿಸುವ ಖಾತೆ ಎಷ್ಟೇ ಚುರುಕಾಗಿದ್ದರೂ ಆ ಮಟ್ಟವನ್ನೂ ಮುಟ್ಟುವುದಿಲ್ಲ. ಉತ್ತರಿಸಲು ಕೂತ ನೌಕರನಿಗೆ ತಪ್ಪೊಪ್ಪುವ, ವಸ್ತು ಬದಲಿಸಿಕೊಡುವ ಅಧಿಕಾರವನ್ನೂ ಕಂಪನಿ ಕೊಟ್ಟಿರಬೇಕು.