ಯಂತ್ರದ ಪೊರಕೆ ಮತ್ತು ಯತ್ನಾಚಾರ

ನಾಯಿ, ಬೆಕ್ಕುಗಳನ್ನು ಸಾಕಿದ ಮನೆಯಲ್ಲಿ ಉದುರುವ ರೋಮವನ್ನು ದಿನವೂ ಗುಡಿಸುವುದು ಶ್ರಮದ ಕೆಲಸ. ಅದಕ್ಕಾಗಿ ತಾನೇ ಸಂಚರಿಸಿ ಧೂಳನ್ನು ಹೀರುವ ರೋಬೋಟ್ ಯಂತ್ರವನ್ನು ಕೊಳ್ಳಬಹುದೇ ಎಂಬುದು ಶ್ರಾವಕನಿಗೆ ಕೇವಲ ಹಣದ ಪ್ರಶ್ನೆಯಲ್ಲ.

2002ರಲ್ಲಿ ಮಾರುಕಟ್ಟೆಗೆ ಬಂದ ರೂಂಬಾ ಯಂತ್ರಗಳ ಸಾಲಿನಲ್ಲಿ 2021ರ ಒಂದು ಮಾದರಿಯನ್ನು ಸಾಕುಪ್ರಾಣಿಯ ಮಲವನ್ನು ಕ್ಯಾಮೆರಾದಿಂದ ಗುರುತಿಸಿ ದೂರ ಸರಿಯುವಂತೆ ರೂಪಿಸಲಾಯಿತು. ಆದರೆ ನಾಯಿಯ ತಟ್ಟೆಯ ಸುತ್ತ ಸಾಲುಗಟ್ಟಿದ ಇರುವೆಗಳು ಅಂತಹ ಯಂತ್ರಕ್ಕೆ ಧೂಳಿನಂತೆಯೇ.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತದೊಡನೆ ಪ್ರಮಾದವನ್ನೂ ಸೇರಿಸಿದೆ. ಗುಡಿಸುವಾಗ ಅರಿಯದೆ ಆಗುವ ಘಾತವು ಗೃಹಸ್ಥನ ಆರಂಭೀ ಹಿಂಸೆ. ಅದು ಪೂರ್ಣವಾಗಿ ತಪ್ಪದು. ನೋಡಬಲ್ಲವನು ನೋಡದಿರುವುದು ಮಾತ್ರ ಪ್ರಮಾದವೇ ಸರಿ.

ಯಂತ್ರದಿಂದ ಉಪಕಾರವೂ ಇಲ್ಲದಿಲ್ಲ. ದಿನವೂ ಗುಡಿಸಿದ ನೆಲದಲ್ಲಿ ಆಹಾರದ ಕಣಗಳು ಉಳಿಯವು. ಕ್ರಿಮಿಕೀಟಗಳು ಸೇರುವುದೂ ಕಡಿಮೆಯಾಗುತ್ತದೆ. ಆದುದರಿಂದ ತಟ್ಟೆಯನ್ನು ಎತ್ತಿಟ್ಟು, ನೆಲವನ್ನು ಕಣ್ಣಾರೆ ನೋಡಿ, ಇರುವೆಗಳಿದ್ದಲ್ಲಿಗೆ ಬಿಡದೆ, ಸಾಕುಪ್ರಾಣಿ ಬೆದರದಂತೆ, ಮನೆಯವರ ಎದುರಿನಲ್ಲಿಯೇ ನಡೆಸುವ ನಿಯಮವನ್ನು ಪಾಲಿಸಬಲ್ಲವರು ಕೊಳ್ಳಲಿ. ಮನೆಗೆ ಬೀಗ ಹಾಕಿ ಯಂತ್ರವನ್ನು ಬಿಟ್ಟುಹೋಗುವ ಸೌಕರ್ಯವನ್ನೇ ಬಯಸುವವರಿಗೆ ಮೆದುವಾದ ಪೊರಕೆಯೇ ಲೇಸು. ಶ್ರಮವನ್ನು ಯಂತ್ರಕ್ಕೆ ಒಪ್ಪಿಸಬಹುದು, ಯತ್ನಾಚಾರವನ್ನು ಒಪ್ಪಿಸಲಾಗದು.